ಎದೆ ಉರಿಗೆ ಏನು ತಗೊಳ್ಳಬೇಕು, ಅದಕ್ಕೂ ಮೊದಲು ಏನು ಬಿಡಬೇಕು

ಎದೆ ಉರಿ ಅಂತ ನನ್ನ ಹತ್ತಿರ ಬರುವವರು ಕೂತ ತಕ್ಷಣ ಕೇಳುವುದು ಒಂದೇ ಪ್ರಶ್ನೆ. "ಏನು ತಗೊಳ್ಳಲಿ ಡಾಕ್ಟ್ರೇ?" ಏನು ಬಿಡಲಿ ಅಂತ ಕೇಳಿದವರು ತೀರಾ ಕಡಿಮೆ. ಹಾಗೆ ಕೇಳಿದವರೂ ಹಿಂದೆಯೇ "ಟೀ ಒಂದು ಬಿಡೋಕಾಗಲ್ಲ ನೋಡಿ" ಅಂತ ಸೇರಿಸಿಬಿಡುತ್ತಾರೆ. ಅದಕ್ಕೇ ಇವತ್ತು ನಾನು ಔಷಧಿಯಿಂದ ಶುರು ಮಾಡುವುದಿಲ್ಲ. ಪೆನ್ನು ಬಿಚ್ಚಿ ಕೂತಿರುವ ಅಮ್ಮನವರು ಸ್ವಲ್ಪ ಕಾಯಬೇಕು. ಚಿಕಿತ್ಸೆ ಅಂದರೆ ಚುಟುಕಾಗಿ ಏನು ಅಂದರೆ, ರೋಗ ತಂದ ಕಾರಣವನ್ನು ಬಿಡುವುದು ಅಂತ ಸುಶ್ರುತ ಸಂಹಿತೆ ಹೇಳುತ್ತದೆ. ನಿದಾನ ಪರಿವರ್ಜನ ಅಂತ ಅದರ ಹೆಸರು. ಕಾರಣ ಬಿಡದೆ ಔಷಧಿ ತಗೊಂಡರೆ ಔಷಧಿಯೂ ದಿನದ ಊಟದ ಒಂದು ಐಟಂ ಆಗಿಬಿಡುತ್ತದೆ, ಅಷ್ಟೇ.

ನಮ್ಮಲ್ಲಿ ಎಲ್ಲದಕ್ಕೂ "ಗ್ಯಾಸ್ಟ್ರಿಕ್" ಅಂತ ಒಂದೇ ಮಾತು. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಆಯುರ್ವೇದ ಇವನ್ನೆಲ್ಲ ಬೇರೆ ಬೇರೆ ಮಾಡಿ ನೋಡುತ್ತದೆ. ನಾವು ಇವತ್ತು ಮಾತಾಡುತ್ತಿರುವುದು ಅಮ್ಲಪಿತ್ತದ ಬಗ್ಗೆ. ಚರಕ, ಸುಶ್ರುತರಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವೇ ಇಲ್ಲ. ಕಾಶ್ಯಪ ಸಂಹಿತೆಯಲ್ಲಿ ಇದೆ. ಆಮೇಲೆ ಮಾಧವಕರ ಬರೆದ ಮಾಧವ ನಿದಾನದಲ್ಲಿ ಲಕ್ಷಣಗಳು ಅಚ್ಚುಕಟ್ಟಾಗಿ ಇವೆ. ತಿಂದದ್ದು ಅರಗುವುದಿಲ್ಲ, ಸುಮ್ನೆ ಆಯಾಸ, ವಾಕರಿಕೆ, ಕಹಿ ಅಥವಾ ಹುಳಿ ತೇಗು, ಮೈ ಭಾರ, ಎದೆ ಮತ್ತು ಗಂಟಲಲ್ಲಿ ಉರಿ, ಬಾಯಿಗೆ ರುಚಿ ಇಲ್ಲ. ಪಟ್ಟಿಯಲ್ಲಿ ಮೊದಲು ಬಂದಿರುವುದು ಉರಿ ಅಲ್ಲ, ಅರಗದೇ ಇರುವುದು. ಇದು ತುಂಬಾ ಮುಖ್ಯ. ಉರಿ ಇದೆ ಅಂತ ತಣ್ಣಗಿರುವುದನ್ನೆಲ್ಲ ಹೊಟ್ಟೆಗೆ ಸುರಿದರೆ ಅರಗುವ ಶಕ್ತಿ ಇನ್ನೂ ಕುಗ್ಗುತ್ತದೆ. ಐಸ್ ನೀರು ಕುಡಿದು, ಐಸ್‌ಕ್ರೀಂ ತಿಂದು ಅಮ್ಲಪಿತ್ತ ವಾಸಿ ಮಾಡಿಕೊಂಡವರನ್ನು ನಾನಂತೂ ನೋಡಿಲ್ಲ.

ಇನ್ನೊಂದು ಕಡೆಯಿಂದಲೂ ನೋಡೋಣ. ಹೊಟ್ಟೆಯಲ್ಲಿ ಆಮ್ಲ ಇರುವುದು ರೋಗ ಅಲ್ಲ. ಜಠರ ದಿನಕ್ಕೆ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಲೀಟರ್ ರಸ ಸುರಿಸುತ್ತದೆ. ಅದು ಇಲ್ಲದಿದ್ದರೆ ಬೇಳೆ ಅರಗದು, ಹೊಟ್ಟೆಗೆ ಹೋದ ಕ್ರಿಮಿಯೂ ಸಾಯದು. ತನ್ನ ಆಮ್ಲ ತನ್ನನ್ನೇ ಸುಡದಂತೆ ಜಠರಕ್ಕೆ ಒಳಗೆ ಲೋಳೆಯ ಪದರ ಇದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಅನ್ನನಾಳ ಜಠರಕ್ಕೆ ಸೇರುವ ಜಾಗದಲ್ಲಿ ಒಂದು ಸ್ನಾಯುವಿನ ಬಳೆ ಇದೆ. ಅದು ಸಡಿಲಾದರೆ ಆಮ್ಲ ಮೇಲಕ್ಕೆ ಬರುತ್ತದೆ, ಎದೆ ಉರಿಯುತ್ತದೆ. ಅಂದರೆ ಎಷ್ಟೋ ಜನರಿಗೆ ಆಮ್ಲ ಜಾಸ್ತಿ ಆಗಿರುವುದೇ ಇಲ್ಲ, ಇರಬಾರದ ಜಾಗಕ್ಕೆ ಬಂದಿರುತ್ತದೆ. ಹೊಟ್ಟೆ ಬಿರಿಯುವಷ್ಟು ಊಟ, ಕರಿದದ್ದು, ಸಿಗರೇಟು, ಮದ್ಯ, ಬಿಗಿ ಬೆಲ್ಟು, ಹೊಟ್ಟೆಯ ಬೊಜ್ಜು, ಉಂಡ ಕೂಡಲೇ ಮಲಗುವುದು, ಇವೆಲ್ಲ ಅದಕ್ಕೆ ದಾರಿ.

ಹೀಗೇ ಒಬ್ಬ ಲಾರಿ ಚಾಲಕರು ಬಂದಿದ್ದರು. ರಾತ್ರಿ ಒಂದು ಗಂಟೆಗೆ ಉರಿ ಬಂದು ಎದ್ದು ಕೂರುತ್ತೇನೆ ಅಂತ. ಏನೇನು ತಿನ್ನುತ್ತೀರಿ ಅಂತ ಕೇಳಿದೆ. ಖಾರ ಬಿಟ್ಟಿದ್ದಾರೆ, ಟೀ ಬಿಟ್ಟಿದ್ದಾರೆ, ಬೆಳಿಗ್ಗೆ ಎದ್ದು ಜೀರಿಗೆ ನೀರು ಕುಡಿಯುತ್ತಾರೆ. ಎಲ್ಲ ಸರಿಯಾಗಿದೆ. ಊಟ ಎಷ್ಟೊತ್ತಿಗೆ ಅಂದೆ. ಲೋಡ್ ಇಳಿಸಿ ಹನ್ನೊಂದೂವರೆಗೆ ಢಾಬಾದಲ್ಲಿ ಊಟ, ಅಲ್ಲೇ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ನಿದ್ದೆ. ಅವರಿಗೆ ನಾನು ಔಷಧಿ ಬರೆಯಲಿಲ್ಲ. ಸಂಜೆ ಏಳಕ್ಕೆ ಎಲ್ಲಿ ನಿಲ್ಲಿಸುತ್ತೀರೋ ಅಲ್ಲೇ ಊಟ ಮುಗಿಸಿ, ಹನ್ನೊಂದೂವರೆಗೆ ಹಸಿವಾದರೆ ಒಂದು ಲೋಟ ಗಂಜಿಯೋ ಒಂದು ಬಾಳೆಹಣ್ಣೋ ಸಾಕು ಅಂದೆ. ಎಡಮಗ್ಗುಲಿಗೆ ಮಲಗಿ ಅಂದೆ. ಎಡಕ್ಕೆ ಮಲಗಿದಾಗ ಜಠರ ಅನ್ನನಾಳಕ್ಕಿಂತ ಕೆಳಗೆ ಇರುತ್ತದೆ, ಆಮ್ಲ ಮೇಲೇರುವುದು ಕಡಿಮೆ. ಆಯುರ್ವೇದದಲ್ಲಿ ನಡುಮಧ್ಯಾಹ್ನ, ನಡುರಾತ್ರಿ ಎರಡೂ ಪಿತ್ತದ ಹೊತ್ತು. ಈಗಿನ ವೈದ್ಯವಿಜ್ಞಾನವೂ ರಾತ್ರಿ ಹತ್ತರಿಂದ ಎರಡರ ಒಳಗೆ ಜಠರದಲ್ಲಿ ಆಮ್ಲ ಸುರಿಯುವುದು ಏರುತ್ತದೆ ಅಂತಲೇ ಹೇಳುತ್ತದೆ. ಆ ಹೊತ್ತಿಗೆ ಹೊಟ್ಟೆ ಹಗುರ ಇರಬೇಕು. ಮಲಗುವ ಮೊದಲು ಎರಡು ಮೂರು ಗಂಟೆ ಬಿಡುವು ಕೊಡಿ. ಮನೆಯಲ್ಲಿ ಮಲಗುವವರು ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳುತ್ತಾರೆ. ಅದರಿಂದ ಕುತ್ತಿಗೆ ನೋವು ಬರುತ್ತದೆಯೇ ಹೊರತು ಉರಿ ಹೋಗುವುದಿಲ್ಲ. ಮಂಚದ ತಲೆಭಾಗದ ಎರಡು ಕಾಲಿಗೆ ಮರದ ತುಂಡೋ ಇಟ್ಟಿಗೆಯೋ ಕೊಟ್ಟು 15ರಿಂದ 20 ಸೆಂಟಿಮೀಟರ್ ಎತ್ತರ ಮಾಡಿ.

ಎಷ್ಟು ಉಣ್ಣಬೇಕು ಅನ್ನುವುದಕ್ಕೆ ಅಷ್ಟಾಂಗ ಹೃದಯದಲ್ಲಿ ಸರಳ ಲೆಕ್ಕ ಇದೆ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ. ಎರಡು ಪಾಲು ಗಟ್ಟಿ ಆಹಾರ, ಒಂದು ಪಾಲು ನೀರಿನಂಥದ್ದು, ಇನ್ನೊಂದು ಪಾಲು ಖಾಲಿ. ಮದುವೆ ಊಟದಲ್ಲಿ ಈ ಲೆಕ್ಕ ಎಲ್ಲಿ ಉಳಿಯುತ್ತದೆ ಅಂತ ನಗುತ್ತೀರಿ. ಮದುವೆ ವರ್ಷಕ್ಕೆ ಹತ್ತು ಬರಬಹುದು. ಉಳಿದ ದಿನ ನಿಮ್ಮ ಕೈಯಲ್ಲೇ ಇದೆ ಅಲ್ವಾ?

ನಮ್ಮ ದಾವಣಗೆರೆಯವರಿಗೆ ಒಂದು ವಿಶೇಷ ಕಷ್ಟ. ಸಂಜೆ ಐದಾದರೆ ಮಂಡಕ್ಕಿ, ಮಿರ್ಚಿ ಕರೆಯುತ್ತದೆ. ಮಧ್ಯಾಹ್ನ ಮೂರಕ್ಕೆ ಉಂಡದ್ದು ಇನ್ನೂ ಅರಗಿರುವುದಿಲ್ಲ, ಅದರ ಮೇಲೆ ಮಿರ್ಚಿ, ಅದರ ಮೇಲೆ ಒಂದು ಕಟಿಂಗ್ ಟೀ. ಇದಕ್ಕೆ ಶಾಸ್ತ್ರದಲ್ಲಿ ಅಧ್ಯಶನ ಅನ್ನುತ್ತಾರೆ. ಉಂಡದ್ದರ ಮೇಲೆ ಉಣ್ಣುವುದು. ನನ್ನ ಪ್ರಕಾರ ಮಿರ್ಚಿಯ ಖಾರಕ್ಕಿಂತ ಈ ಅಧ್ಯಶನವೇ ಜಾಸ್ತಿ ಕೆಡಿಸುತ್ತದೆ. ಖಾಲಿ ಹಸಿವಿನಲ್ಲಿ ತಿಂಗಳಿಗೊಮ್ಮೆ ಎರಡು ಮಿರ್ಚಿ ತಿಂದವನಿಗೆ ಏನೂ ಆಗುವುದಿಲ್ಲ. ದಿನಾ ಅರ್ಧ ಹೊಟ್ಟೆಯ ಮೇಲೆ ತಿನ್ನುವವನು ನನ್ನ ಹತ್ತಿರ ಬರುತ್ತಾನೆ. ಹಿಂದಿನದು ಅರಗಿದೆ ಅಂತ ಹೇಗೆ ಗೊತ್ತಾಗುತ್ತದೆ? ತೇಗಿನಲ್ಲಿ ಊಟದ ವಾಸನೆ ಇರಬಾರದು. ಮೈ ಹಗುರ ಇರಬೇಕು. ನಿಜವಾದ ಹಸಿವು, ಬಾಯಾರಿಕೆ ಬರಬೇಕು. ಗಡಿಯಾರ ನೋಡಿ ಬರುವ ಹಸಿವು ಬೇರೆ.

ಈಗ ಮಜ್ಜಿಗೆಯ ವಿಷಯ. ಇದನ್ನು ಹೇಳಿದರೆ ಯಾವಾಗಲೂ ಜಗಳ. ಮಜ್ಜಿಗೆ ತಂಪು, ಹಾಗಾಗಿ ಉರಿಗೆ ಮಜ್ಜಿಗೆ ಅಂತ ಎಲ್ಲರೂ ನಂಬಿದ್ದಾರೆ. ಮಜ್ಜಿಗೆಯನ್ನು ನಮ್ಮ ಗ್ರಂಥಗಳು ಹೊಗಳುವಷ್ಟು ಇನ್ಯಾವುದನ್ನೂ ಹೊಗಳುವುದಿಲ್ಲ, ನಿಜ. ಆದರೆ ಅದೇ ಗ್ರಂಥಗಳು ಮೈ ಉರಿ, ತಲೆಸುತ್ತು, ರಕ್ತಪಿತ್ತ ಅಂದರೆ ಮೂಗು, ಬಾಯಿಯಿಂದ ರಕ್ತ ಹೋಗುವ ತೊಂದರೆ ಇರುವವರಿಗೆ ಮಜ್ಜಿಗೆ ಕೊಡಬೇಡಿ ಅಂತಲೂ ಹೇಳಿವೆ. ಮಜ್ಜಿಗೆ ಹಸಿವು ಹೆಚ್ಚಿಸುತ್ತದೆ, ಹುಳಿ ಇದೆ. ಅದರಲ್ಲೂ ಎರಡು ದಿನದ ಹುಳಿ ಮೊಸರು ಕಡೆದು, ಹಸಿಮೆಣಸಿನಕಾಯಿ ಜಜ್ಜಿ ಹಾಕಿದ ಮಜ್ಜಿಗೆ ಉರಿಗೆ ಔಷಧಿ ಆಗುವುದಾದರೂ ಹೇಗೆ? ಆವತ್ತೇ ಹೆಪ್ಪಾದ ಸಿಹಿ ಮೊಸರಿನ, ಬೆಣ್ಣೆ ತೆಗೆದ ತೆಳು ಮಜ್ಜಿಗೆ, ಮಧ್ಯಾಹ್ನ, ಸ್ವಲ್ಪ ಜೀರಿಗೆ ಪುಡಿ ಹಾಕಿ ಕುಡಿದರೆ ಹಲವರಿಗೆ ಒಗ್ಗುತ್ತದೆ. ರಾತ್ರಿ ಮೊಸರನ್ನ ಮಾತ್ರ ಬೇಡವೇ ಬೇಡ.

ಹಾಲಿನ ಕತೆಯೂ ಹೀಗೇ. ತಣ್ಣನೆ ಹಾಲು ಕುಡಿದ ಕೂಡಲೇ ಹಾಯೆನಿಸುತ್ತದೆ. 1915ರಲ್ಲಿ ಶಿಕಾಗೋದ ಬರ್ಟ್ರಮ್ ಸಿಪ್ಪಿ ಅನ್ನುವ ವೈದ್ಯರು ಹೊಟ್ಟೆ ಹುಣ್ಣಿಗೆ ಗಂಟೆಗೊಮ್ಮೆ ಹಾಲು, ಕೆನೆ ಕೊಡುವ ಪದ್ಧತಿ ತಂದರು. ಎಷ್ಟೋ ದಶಕ ಅದೇ ನಡೆಯಿತು. ಆಮೇಲೆ ಗೊತ್ತಾಯಿತು, ಹಾಲಿನಲ್ಲಿರುವ ಪ್ರೋಟೀನು, ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನ ಮೇಲೆ ಆಮ್ಲ ಸುರಿಯುವುದನ್ನು ಹೆಚ್ಚಿಸುತ್ತವೆ. ಆಯುರ್ವೇದದಲ್ಲಿ ಹಾಲು ಪಿತ್ತಶಾಮಕ, ಸರಿ. ಆದರೆ ಅದು ಅರಗುವವರಿಗೆ. ಊಟದ ಮೇಲೆ, ಹುಳಿಯ ಮೇಲೆ, ಉಪ್ಪಿನಕಾಯಿಯ ಮೇಲೆ ಕುಡಿಯುವ ಹಾಲಿಗೆ ಈ ಮಾತು ಹೊಂದುವುದಿಲ್ಲ. ಕುಡಿದರೆ ಕಾಯಿಸಿ ಆರಿಸಿದ ಹಾಲು, ಖಾಲಿ ಹೊಟ್ಟೆಗೆ, ಬೇರೆ ಏನೂ ಜೊತೆಗಿಲ್ಲದೆ. ಕುಡಿದು ಎರಡು ಗಂಟೆಯ ಮೇಲೆ ಹೇಗಿದೆ ಅಂತ ನೋಡಿ. ಆಗಲೂ ಹಾಯಾಗಿದ್ದರೆ ಮುಂದುವರಿಸಿ.

ಹುಳಿ ಎಲ್ಲವೂ ಬಿಡಬೇಕಾ ಅಂತ ಕೇಳುತ್ತಾರೆ. ಹುಳಿಯೆಲ್ಲ ಸಾಮಾನ್ಯವಾಗಿ ಪಿತ್ತ ಹೆಚ್ಚಿಸುತ್ತದೆ, ದಾಳಿಂಬೆ ಮತ್ತು ನೆಲ್ಲಿಕಾಯಿ ಬಿಟ್ಟು, ಅಂತ ಚರಕ ಸಂಹಿತೆ. ನೆಲ್ಲಿಕಾಯಿಯಲ್ಲಿ ಉಪ್ಪೊಂದು ಬಿಟ್ಟು ಉಳಿದ ಐದೂ ರುಚಿ ಇವೆ. ನಾಲಿಗೆಗೆ ಹುಳಿ, ಅರಗಿದ ಮೇಲೆ ಸಿಹಿ, ಗುಣ ತಂಪು. ಬೆಟ್ಟದ ನೆಲ್ಲಿಯನ್ನು ಹೇಳುತ್ತಿದ್ದೇನೆ, ಉತ್ಥಾನ ದ್ವಾದಶಿಗೆ ತುಳಸಿ ಕಟ್ಟೆಯಲ್ಲಿ ಕೊಂಬೆ ನೆಡುತ್ತೀರಲ್ಲ, ಅದು. ಒಣಗಿಸಿ ಪುಡಿ ಮಾಡಿಟ್ಟರೆ ವರ್ಷವಿಡೀ ಬರುತ್ತದೆ. ಅರ್ಧ ಚಮಚ ಪುಡಿ, ಸ್ವಲ್ಪ ಸಕ್ಕರೆ, ಊಟಕ್ಕೆ ಮೊದಲು ನೀರಲ್ಲಿ. ಸಕ್ಕರೆ ಕಾಯಿಲೆಯವರು ಸಕ್ಕರೆ ಬಿಡಿ. ಆದರೆ ನೆಲ್ಲಿಕಾಯಿ ಉಪ್ಪಿನಕಾಯಿ ತಿಂದು "ನಾನು ದಿನಾ ನೆಲ್ಲಿಕಾಯಿ ತಿಂತೀನಿ" ಅನ್ನಬೇಡಿ. ಅಲ್ಲಿ ನೆಲ್ಲಿಗಿಂತ ಉಪ್ಪು, ಖಾರ, ಎಣ್ಣೆಯೇ ಜಾಸ್ತಿ.

ಉರಿ ಜೋರಾಗಿ, ವಾಂತಿಯಾಗಿ, ಏನೂ ಬೇಡ ಅನ್ನಿಸಿದ ದಿನ ನಾನು ಮೊದಲು ಹೇಳುವುದು ಅರಳಿನ ಗಂಜಿ. ಸಂಸ್ಕೃತದಲ್ಲಿ ಲಾಜಮಂಡ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಂಡಕ್ಕಿ ಭಟ್ಟಿಗಳ ಊರಲ್ಲೇ ಜನ ಮಂಡಕ್ಕಿಗೂ ಅರಳಿಗೂ ವ್ಯತ್ಯಾಸ ಮರೆತಿದ್ದಾರೆ. ಮಂಡಕ್ಕಿ ಮಾಡುವುದು ಬೇಯಿಸಿ ಒಣಗಿಸಿದ ಅಕ್ಕಿಯಿಂದ, ಅದಕ್ಕೆ ಉಪ್ಪು ಹಿಡಿಸಿರುತ್ತಾರೆ. ಅರಳು ಅಂದರೆ ಭತ್ತವನ್ನೇ ಕಾದ ಮರಳಲ್ಲಿ ಹುರಿದಾಗ ಹೊಟ್ಟು ಬಿರಿದು ಬಿಳಿ ಹೂವಿನ ಹಾಗೆ ಅರಳುವುದು. ನಾಗರಪಂಚಮಿ ಹೊತ್ತಿಗೆ ಅಂಗಡಿಯಲ್ಲಿ ರಾಶಿ ಇರುತ್ತದೆ. ಬೇರೆ ದಿನ ಪೂಜಾ ಸಾಮಾನಿನ ಅಂಗಡಿಯಲ್ಲಿ ಕೇಳಿ. ತಂದ ಮೇಲೆ ಮೊರದಲ್ಲಿ ಹಾಕಿ ಕೇರಬೇಕು, ಕೇರಿದರೂ ಹೊಟ್ಟು ಉಳಿಯುತ್ತದೆ, ಕೂತು ಆರಿಸಬೇಕು. ಒಂದು ಹೊಟ್ಟು ಗಂಟಲಲ್ಲಿ ಸಿಕ್ಕಿದರೂ ರೋಗಿ ಮತ್ತೆ ಆ ಲೋಟ ಮುಟ್ಟುವುದಿಲ್ಲ. ಎರಡು ಹಿಡಿ ಅರಳಿಗೆ ನಾಲ್ಕು ಲೋಟ ನೀರು, ಸಣ್ಣ ಉರಿ. ಅರಳು ಹಗುರ, ಬೇಗ ಕರಗಿಹೋಗುತ್ತದೆ. ನೀರು ಮುಕ್ಕಾಲಿಗೆ ಇಳಿದಾಗ ಸೋಸಿ, ಚಿಟಿಕೆ ಸೈಂಧವ ಉಪ್ಪು ಅಥವಾ ಸ್ವಲ್ಪ ಕಲ್ಲುಸಕ್ಕರೆ ಹಾಕಿ, ಉಗುರು ಬೆಚ್ಚಗೆ ಗುಟುಕು ಗುಟುಕಾಗಿ ಕುಡಿಸಿ. ಒಂದೇ ಸಲ ಲೋಟ ಎತ್ತಿ ಕುಡಿಯುವುದಲ್ಲ. ಬಾಯಾರಿಕೆ, ವಾಂತಿ, ಉರಿ ಮೂರಕ್ಕೂ ಇದು ಒಳ್ಳೆಯದು. ಹಸಿವು ಬಂದ ಮೇಲೆ ಹಳೆ ಅಕ್ಕಿಯ ಮೆತ್ತನೆ ಅನ್ನ, ಹೆಸರುಬೇಳೆ ತೊವ್ವೆ, ಒಂದು ಚಮಚ ತುಪ್ಪ. ತೊಗರಿಬೇಳೆ ಸಾರು, ಹುರುಳಿಕಾಳು, ಉದ್ದು ಸ್ವಲ್ಪ ದಿನ ದೂರ. ಹುರುಳಿ ಸಾರು ಇಷ್ಟ ಇರುವವರಿಗೆ ಬೇಜಾರಾಗುತ್ತದೆ, ಗೊತ್ತು. ಆದರೆ ಹುರುಳಿ ಉಷ್ಣ, ಪಿತ್ತಕ್ಕೆ ಆಗಿಬರುವುದಿಲ್ಲ.

ತರಕಾರಿಯಲ್ಲಿ ಬೂದುಗುಂಬಳ, ಸೋರೆಕಾಯಿ, ಹೀರೆಕಾಯಿ, ಪಡವಲಕಾಯಿ. ಕಹಿಯನ್ನು ಮರೆಯಬೇಡಿ. ಪಿತ್ತಕ್ಕೆ ಕಹಿ ಒಳ್ಳೆಯ ಮದ್ದು, ಆದರೆ ನಮ್ಮ ತಟ್ಟೆಯಿಂದ ಅದೇ ಮೊದಲು ಮಾಯವಾಗಿದೆ. ಹಾಗಲಕಾಯಿ ಮಾಡಿದರೂ ಹುಣಸೆಹಣ್ಣು, ಬೆಲ್ಲ ಸುರಿದು ಅದರ ಕಹಿ ಕೊಂದೇ ಮಾಡುತ್ತೇವೆ. ಮಲೆನಾಡಿನ ಕಡೆ ಒಂದೆಲಗದ ತಂಬುಳಿ ಮಾಡುತ್ತಾರೆ. ಹಸಿಮೆಣಸು ಹಾಕದೆ, ಸಿಹಿ ಮಜ್ಜಿಗೆಯಲ್ಲಿ ಮಾಡಿದರೆ ಬಿಸಿಲುಕಾಲದ ಮಧ್ಯಾಹ್ನಕ್ಕೆ ಚೆನ್ನ.

ಬಿಸಿಲು ಅಂದಾಗ ನೆನಪಾಯಿತು. ಜನ ಏಪ್ರಿಲ್‌ನಲ್ಲಿ ಪಿತ್ತ ಜಾಸ್ತಿ ಅಂದುಕೊಂಡಿರುತ್ತಾರೆ. ನಮ್ಮ ಲೆಕ್ಕದಲ್ಲಿ ಮಳೆಗಾಲದಲ್ಲಿ ಪಿತ್ತ ಸೇರುತ್ತಾ ಹೋಗಿ, ಮಳೆ ನಿಂತು ಬಿಸಿಲು ಬಿದ್ದಾಗ ಕೆರಳುತ್ತದೆ. ಶರದೃತು, ಅಂದರೆ ಆಶ್ವಯುಜ, ಕಾರ್ತಿಕ. ದಸರಾ, ದೀಪಾವಳಿಯ ಎಣ್ಣೆ ತಿಂಡಿ ಸರಿಯಾಗಿ ಅದೇ ಹೊತ್ತಿಗೆ ಬರುತ್ತದೆ! ಪಂಚಕರ್ಮದಲ್ಲಿ ಪಿತ್ತಕ್ಕೆ ವಿರೇಚನ, ಅಂದರೆ ಭೇದಿ ಮಾಡಿಸಿ ಪಿತ್ತ ಹೊರಹಾಕುವ ಚಿಕಿತ್ಸೆ, ಮಾಡಿಸುವುದೂ ಈ ಕಾಲದಲ್ಲೇ.

ಸರಿ, ಪೆನ್ನು ತೆಗೆಯಿರಿ. ಕೊತ್ತಂಬರಿ ಬೀಜ ಎರಡು ಚಮಚ, ತರಿತರಿಯಾಗಿ ಕುಟ್ಟಿ, ರಾತ್ರಿ ಒಂದು ಲೋಟ ನೀರಲ್ಲಿ ನೆನೆಹಾಕಿ. ಕುದಿಸುವುದಲ್ಲ, ನೆನೆಸುವುದು ಅಷ್ಟೇ. ಬೆಳಿಗ್ಗೆ ಸೋಸಿ ಸ್ವಲ್ಪ ಸಕ್ಕರೆ ಹಾಕಿ ಕುಡಿಯಿರಿ. ಇದಕ್ಕೆ ಹಿಮ ಅನ್ನುತ್ತಾರೆ, ಶಾರ್ಙ್ಗಧರ ಸಂಹಿತೆಯಲ್ಲಿ ಒಳಉರಿಗೆ ಹೇಳಿದ್ದು. ಬೆಳಗಿನ ಕಾಫಿಯ ಜಾಗಕ್ಕೆ ಇದು ಬಂದರೆ ಅರ್ಧ ಕೆಲಸ ಆಯಿತು. ಕಾಫಿ ಬಿಡಲಾಗದವರು ಕನಿಷ್ಠ ತಿಂಡಿಯ ಮೇಲೆ ಕುಡಿಯಿರಿ. ಗ್ರಂಥಿಗೆ ಅಂಗಡಿಯಲ್ಲಿ ಶತಾವರಿ ಬೇರಿನ ಪುಡಿ, ಲಾವಂಚದ ಬೇರು, ಜೇಷ್ಠಮಧು ಸಿಗುತ್ತವೆ. ಲಾವಂಚವನ್ನು ಕುಡಿಯುವ ನೀರಿನ ಮಡಕೆಗೆ ಹಾಕಿಡಿ. ಶತಾವರಿ ಹಾಲಿನ ಜೊತೆ, ಹಾಲು ಒಗ್ಗುವವರಿಗೆ. ಜೇಷ್ಠಮಧು ಉರಿಗೆ ಒಳ್ಳೆಯದೇ, ಆದರೆ ವಾರಗಟ್ಟಲೆ ಜಾಸ್ತಿ ತಿಂದರೆ ಬಿಪಿ ಏರಿಸುತ್ತದೆ, ಮೈಯ ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಅದನ್ನು ಮುಟ್ಟಬೇಡಿ. ಕಿಡ್ನಿ ತೊಂದರೆಯವರು ಎಳನೀರನ್ನೂ ವೈದ್ಯರನ್ನು ಕೇಳದೆ ದಿನಾ ಕುಡಿಯಬಾರದು. ಗಿಡಮೂಲಿಕೆ ಅಂದ ಮಾತ್ರಕ್ಕೆ ಏನೂ ಆಗುವುದಿಲ್ಲ ಅನ್ನುವುದು ತಪ್ಪು.

ಅವಿಪತ್ತಿಕರ ಚೂರ್ಣ ಎಲ್ಲರಿಗೂ ಗೊತ್ತು. ಒಳ್ಳೆಯ ಔಷಧಿ ಮಿಶ್ರಣ. ಆದರೆ ಅದರಲ್ಲಿ ಏನಿದೆ ಅಂತ ಎಷ್ಟು ಜನಕ್ಕೆ ಗೊತ್ತು? ಶುಂಠಿ, ಮೆಣಸು, ಹಿಪ್ಪಲಿ, ತ್ರಿಫಲ, ಏಲಕ್ಕಿ ಎಲ್ಲ ಸ್ವಲ್ಪ ಸ್ವಲ್ಪ, ಲವಂಗ ಅವಕ್ಕಿಂತ ಜಾಸ್ತಿ. ದೊಡ್ಡ ಪಾಲು ಇರುವುದು ತ್ರಿವೃತ್ ಮತ್ತು ಸಕ್ಕರೆ. ತ್ರಿವೃತ್ ಭೇದಿ ಮಾಡಿಸುವ ಬೇರು. ಅಂದರೆ ಈ ಚೂರ್ಣ ಪಿತ್ತವನ್ನು ಕೆಳಗೆ ಇಳಿಸಿ ಹೊರಹಾಕುತ್ತದೆ. ಮಲಬದ್ಧತೆ ಜೊತೆಗಿರುವವರಿಗೆ ಸರಿ. ಮೊದಲೇ ಹೊಟ್ಟೆ ಸಡಿಲ ಇರುವವರು, ಸಕ್ಕರೆ ಕಾಯಿಲೆಯವರು ಡಬ್ಬಿ ತಂದು ದಿನಾ ಚಮಚ ಹಾಕಿಕೊಳ್ಳುವುದು ಸರಿ ಅಲ್ಲ. ಇನ್ನು ಸೂತಶೇಖರ ರಸ ಅನ್ನುವ ಮಾತ್ರೆ. ಅದರಲ್ಲಿ ಪಾದರಸ, ತಾಮ್ರಭಸ್ಮ, ವತ್ಸನಾಭ ಅನ್ನುವ ವಿಷದ ಬೇರು ಇವೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ ಅಂತ ತಗೊಳ್ಳಬೇಡಿ. ನಾಡಿ ನೋಡಿ, ಪ್ರಮಾಣ, ದಿನ ಲೆಕ್ಕ ಹಾಕಿ ವೈದ್ಯರು ಕೊಟ್ಟರೆ ಮಾತ್ರ.

ಸೋಡಾಪುಡಿಯ ಪ್ಯಾಕೆಟ್ಟಿನ ಬಗ್ಗೆ ಒಂದು ಮಾತು. ಕುಡಿದ ಕೂಡಲೇ ದೊಡ್ಡ ತೇಗು ಬಂದು ಗ್ಯಾಸ್ ಹೋಯಿತು ಅನ್ನುತ್ತೀರಿ. ಆ ಗ್ಯಾಸು ಸೋಡಾ ಆಮ್ಲಕ್ಕೆ ಸೇರಿ ಆಗ ತಾನೇ ಹುಟ್ಟಿದ್ದು. ಉರಿ ಸ್ವಲ್ಪ ಹೊತ್ತು ಇಳಿಯುತ್ತದೆ, ನಿಜ. ಆದರೆ ಅದರಲ್ಲಿ ಸೋಡಿಯಂ ಜಾಸ್ತಿ, ಬಿಪಿಯವರಿಗೆ ದಿನಾ ಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಗೆ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿರುವವರು ಇಲ್ಲೂ ಇದ್ದೀರಿ. ನನ್ನ ಮಾತು ಕೇಳಿ ನಾಳೆಯೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ತಡೆದಿಟ್ಟ ಆಮ್ಲ ಮೊದಲಿಗಿಂತ ಜೋರಾಗಿ ಸುರಿಯುತ್ತದೆ. ಊಟದ ಹೊತ್ತು ಸರಿ ಮಾಡಿಕೊಂಡು, ಬರೆದುಕೊಟ್ಟ ವೈದ್ಯರನ್ನು ಕೇಳಿ, ನಿಧಾನಕ್ಕೆ ಇಳಿಸಿಕೊಳ್ಳಿ. ಮಂಡಿನೋವಿಗೆ ದಿನಾ ನೋವಿನ ಮಾತ್ರೆ ತಗೊಳ್ಳುವವರಿಗೆ ಎಷ್ಟು ಕೊತ್ತಂಬರಿ ನೀರು ಕುಡಿಸಿದರೂ ಉಪಯೋಗ ಇಲ್ಲ. ಅಲ್ಲಿ ಕಾರಣ ಆ ಮಾತ್ರೆ.

ಎಲ್ಲ ಉರಿಯೂ ಪಥ್ಯಕ್ಕೆ ಬಗ್ಗುವುದಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಅಂತ ಇಬ್ಬರು ಹೊಟ್ಟೆ ಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಅಂದಾಗ ಯಾರೂ ನಂಬಲಿಲ್ಲ. ಮಾರ್ಷಲ್ 1984ರಲ್ಲಿ ಆ ಕ್ರಿಮಿಯನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಅದರ ಹೆಸರು. ಆಯುರ್ವೇದದವನಾಗಿ ಹೇಳುತ್ತೇನೆ, ಪರೀಕ್ಷೆಯಲ್ಲಿ ಅದು ಸಿಕ್ಕರೆ ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮುಗಿಸಿ. ಪಥ್ಯ ಜೊತೆಗಿರಲಿ.

ಮಲ ಡಾಂಬರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಬಂದರೆ, ನುಂಗುವಾಗ ಅನ್ನ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ವಯಸ್ಸು ಐವತ್ತೈದು ದಾಟಿದ ಮೇಲೆ ಹೊಸದಾಗಿ ಉರಿ ಶುರುವಾದರೆ ಮನೆಮದ್ದು ಬಿಟ್ಟು ಎಂಡೋಸ್ಕೋಪಿಗೆ ಹೋಗಿ. ಎದೆ ಹಿಂಡಿದ ಹಾಗಾಗಿ, ತಣ್ಣನೆ ಬೆವರು ಬಂದು, ನೋವು ಎಡಗೈಗೋ ದವಡೆಗೋ ಹಬ್ಬಿದರೆ, ಅಥವಾ ನಾಲ್ಕು ಹೆಜ್ಜೆ ನಡೆದರೆ ಜಾಸ್ತಿಯಾದರೆ, ಗ್ಯಾಸ್ಟ್ರಿಕ್ ಅಂತ ಜೀರಿಗೆ ಅಗಿಯುತ್ತಾ ಕೂರಬೇಡಿ. ಆಂಬುಲೆನ್ಸಿಗೆ 108 ಒತ್ತಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಹೃದಯಾಘಾತ ಬರೀ ಹೊಟ್ಟೆ ತೊಳಸಿದ ಹಾಗೂ ಬರಬಹುದು.

ಚೀಟಿಯಲ್ಲಿ ಒಂದು ಪ್ರಶ್ನೆ ಬಂದಿದೆ. ಮಗಳು ಏಳು ತಿಂಗಳ ಬಸುರಿ, ರಾತ್ರಿಯೆಲ್ಲ ಎದೆ ಉರಿ, ಅವಿಪತ್ತಿಕರ ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಬೇಡಿ ಅಮ್ಮ. ಭೇದಿ ಮಾಡಿಸುವ ಯಾವ ಔಷಧಿಯೂ ಬಸುರಿಗೆ ಬೇಡ, ಜೇಷ್ಠಮಧುವೂ ಬೇಡ. ಏಳನೇ ತಿಂಗಳಿಗೆ ಗರ್ಭ ಮೇಲಕ್ಕೆ ಒತ್ತುತ್ತದೆ, ಆ ಸ್ನಾಯುವಿನ ಬಳೆಯೂ ಬಸುರಿನಲ್ಲಿ ಸಡಿಲಾಗಿರುತ್ತದೆ. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ತಾನಾಗೇ ಹೋಗುತ್ತದೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ ಮಾಡಲಿ. ರಾತ್ರಿ ಊಟ ಏಳೂವರೆ ಒಳಗೆ ಮುಗಿಯಲಿ, ಎಡಮಗ್ಗುಲಿಗೆ ಮಲಗಲಿ. ಅರಳಿನ ಗಂಜಿ, ದಾಳಿಂಬೆ ಧಾರಾಳವಾಗಿ ಕೊಡಿ. ಉರಿಯ ಜೊತೆ ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಅದು ಅಮ್ಲಪಿತ್ತ ಇರಲಾರದು. ಬೆಳಗಾಗುವವರೆಗೆ ಕಾಯದೆ ಹೆರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಬಿಪಿ ನೋಡಿಸಿ.